ನಮ್ಮೂರ ಕುಡಿಯುವ ನೀರು: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರು ರಾಯಚೂರು ಜಿಲ್ಲೆಯ ಮಾನ್ವಿ ತಾಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿದೆ. ಊರಿನ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ನಾನು ಕೆಲವು ವರ್ಷ ಓಡಾಡಿದ್ದೇನೆ. ಹೋಳಿ ಹುಣ್ಣಿಮೆ ಮುಗಿದು ಬಿಸಿಲು ಏರಿತೆಂದರೆ ಜನ ಕಟ್ಟೆಯ ಮೇಲೆ, ಕಿರಾಣಿ ಅಂಗಡಿ ಮುಂದೆ, ಫೋನಿನಲ್ಲಿ ಅವೇ ಪ್ರಶ್ನೆಗಳನ್ನು ಕೇಳುತ್ತಾರೆ. ಸಿಂಧನೂರು, ಕಾರಟಗಿ, ಸಿರುಗುಪ್ಪ ಕಡೆಯ ಬೀಗರೂ ಅದನ್ನೇ ಕೇಳುತ್ತಾರೆ. ಅದಕ್ಕೇ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ಎರಡು ನದಿ ನಡುವೆ ಇದ್ದೂ ನಮಗೆ ಕುಡಿಯೋ ನೀರಿಗೆ ಯಾಕಿಷ್ಟು ಕಷ್ಟ?

ರಾಯಚೂರು ಜಿಲ್ಲೆಯ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಕ್ಷೆ ನೋಡಿದರೆ ನೀರಿಗೆ ಕೊರತೆಯೇ ಇಲ್ಲ ಅನಿಸುತ್ತದೆ. ಆದರೆ ನದಿಗಳು ಜಿಲ್ಲೆಯ ಅಂಚಿನಲ್ಲಿ ಹರಿಯುತ್ತವೆ, ಊರುಗಳು ನಡುವೆ ಇವೆ. ಮಳೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು, ಅದೂ ನಾಲ್ಕೈದು ತಿಂಗಳಲ್ಲಿ ಬಂದು ಹೋಗುತ್ತದೆ. ಮಾರ್ಚ್ ದಾಟಿದ ಮೇಲೆ ತುಂಗಭದ್ರೆಯ ಪಾತ್ರಕ್ಕೆ ಇಳಿದರೆ ಬಂಡೆ ಮತ್ತು ಉಸುಕು ಕಾಣುತ್ತವೆ. ನೆಲದೊಳಗಿನ ನೀರು ಬಹಳ ಕಡೆ ಉಪ್ಪು, ಇಲ್ಲವೇ ಫ್ಲೋರೈಡ್.

ಹಾಗಾಗಿ ನಮ್ಮ ಭಾಗದ ಹೆಚ್ಚಿನ ಊರುಗಳು ಕುಡಿಯುವುದು ಕಾಲುವೆಯಲ್ಲಿ ನೀರಿದ್ದಾಗ ಕೆರೆಯಲ್ಲಿ ಹಿಡಿದಿಟ್ಟ ನೀರನ್ನೇ. ರಾಯಚೂರು ನಗರಕ್ಕೆ ರಾಂಪೂರ ಕೆರೆ, ಸಿಂಧನೂರಿಗೆ ತುರ್ವಿಹಾಳ ಕೆರೆ, ಬಳ್ಳಾರಿಗೆ ಅಲ್ಲೀಪುರ ಮತ್ತು ಮೋಕಾ ಕೆರೆಗಳು. ಎಲ್ಲವೂ ಇದೇ ಲೆಕ್ಕದಲ್ಲಿ ಕೆಲಸ ಮಾಡುತ್ತವೆ. ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ. ಮುನಿರಾಬಾದ್‌ನ ತುಂಗಭದ್ರಾ ಡ್ಯಾಮಿನಿಂದ ಬಿಟ್ಟ ನೀರು ಗಂಗಾವತಿ, ಸಿಂಧನೂರು ದಾಟಿ ನಮ್ಮ ಹತ್ತಿರ ಬರುವಷ್ಟರಲ್ಲಿ ಎಷ್ಟೋ ಗದ್ದೆ ನೆನೆಸಿರುತ್ತದೆ. ಕೊನೆ ಭಾಗದವರ ಸಂಕಟ ಮೇಲಿನವರಿಗೆ ಅರ್ಥವಾಗುವುದು ಕಡಿಮೆ.

ಕಾಲುವೆ ಎಷ್ಟು ದಿನ ಬಂದ್ ಇರುತ್ತೆ? ಎಷ್ಟು ದಿನದ ನೀರು ಕೂಡಿಡಬೇಕು?

ಕಾಲುವೆಗೆ ಯಾವಾಗ ನೀರು, ಎಷ್ಟು ದಿನ ಅನ್ನುವುದನ್ನು ನೀರಾವರಿ ಸಲಹಾ ಸಮಿತಿ ತೀರ್ಮಾನಿಸುತ್ತದೆ. ಸಾಮಾನ್ಯವಾಗಿ ಏಪ್ರಿಲ್ ಸುಮಾರಿಗೆ ನಿಲ್ಲುತ್ತದೆ, ಜುಲೈ ಸುಮಾರಿಗೆ ಮತ್ತೆ ಶುರು. ಅಂದರೆ 90 ದಿನ ಅಂತ ಹಿಡಿಯಬೇಕು. ನಾನಾದರೆ 120 ಹಿಡಿಯುತ್ತೇನೆ. ಮುಂಗಾರು ಕೈಕೊಟ್ಟ ವರ್ಷ ಡ್ಯಾಂ ತುಂಬುವುದೇ ತಡ.

ಇನ್ನೊಂದು ಮಾತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್‌ಗೇಟ್ (ಹೆಚ್ಚಿನ ನೀರು ಹೊರಬಿಡುವ ಬಾಗಿಲು) ಕೊಚ್ಚಿಹೋಯಿತು. 33 ಗೇಟುಗಳಲ್ಲಿ ಒಂದು ಹೋಗಿದ್ದಕ್ಕೆ ಹತ್ತಾರು ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ನೀರು ನದಿಗೆ ಹೋಯಿತು. ಆ ವಾರ ನಮ್ಮ ಕಡೆ ಯಾರಿಗೂ ನಿದ್ದೆ ಇರಲಿಲ್ಲ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟ್ ಇಳಿಸಿದರು, ಆಮೇಲೆ ಮಳೆಯೂ ಕೈಹಿಡಿಯಿತು. ಮಳೆ ಬರದಿದ್ದರೆ? ಊರ ಕೆರೆಯಲ್ಲಿ ಒಂದು ತಿಂಗಳ ನೀರು ಹೆಚ್ಚಿಗೆ ಇರಲಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ನಮ್ಮೂರಿಗೆ ಎಷ್ಟು ದೊಡ್ಡ ಕೆರೆ ಬೇಕು ಅಂತ ಲೆಕ್ಕ ಹಾಕೋದು ಹೇಗೆ?

ಇದನ್ನು ಎಂಜಿನಿಯರ್ ಮಾತ್ರ ಮಾಡಬೇಕು ಅಂತ ಇಲ್ಲ. ಒಂದು ಹಾಳೆ ಪೆನ್ನು ಸಾಕು.

5,000 ಜನರ ಊರು ಅಂತ ಇಟ್ಟುಕೊಳ್ಳಿ. ಹಳ್ಳಿಗಳಿಗೆ ಜಲ ಜೀವನ್ ಮಿಷನ್ (ಮನೆಮನೆಗೆ ನಳ ಕೊಡುವ ಕೇಂದ್ರದ ಯೋಜನೆ) ಹೇಳುವುದು ತಲೆಗೆ ದಿನಕ್ಕೆ 55 ಲೀಟರ್. ಆಗ ದಿನಕ್ಕೆ 2,75,000 ಲೀಟರ್ ಬೇಕು. 90 ದಿನಕ್ಕೆ 2 ಕೋಟಿ 47 ಲಕ್ಷದ 50 ಸಾವಿರ ಲೀಟರ್.

ಇಲ್ಲಿಗೆ ನಿಲ್ಲಿಸಿದರೆ ಮೋಸ ಹೋಗುತ್ತೀರಿ. ನಮ್ಮ ಬಿಸಿಲಿಗೂ ಪಾಲು ಕೊಡಬೇಕು. ಕೆರೆ 100 ಮೀಟರ್ ಉದ್ದ, 100 ಮೀಟರ್ ಅಗಲ ಇದೆ ಅನ್ನೋಣ. ಬೇಸಿಗೆಯಲ್ಲಿ ದಿನಕ್ಕೆ 8 ಮಿಲಿಮೀಟರ್ ಆವಿಯಾದರೆ 90 ದಿನಕ್ಕೆ 72 ಸೆಂಟಿಮೀಟರ್ ನೀರು ಗಾಳಿಗೆ ಹೋಗುತ್ತದೆ. ಲೀಟರ್‌ನಲ್ಲಿ ಹೇಳಿದರೆ 72 ಲಕ್ಷ. ಅಂದರೆ ಊರು 26 ದಿನ ಕುಡಿಯುವಷ್ಟು ನೀರನ್ನು ಸೂರ್ಯನೇ ಕುಡಿಯುತ್ತಾನೆ. ಅಗಲ ಜಾಸ್ತಿ ಮಾಡಿ ಆಳ ಕಡಿಮೆ ಮಾಡಿದ ಕೆರೆ ನಮ್ಮ ನಾಡಿಗೆ ಆಗಿಬರುವುದಿಲ್ಲ. ಆಳ ಬೇಕು.

ಎರಡೂ ಸೇರಿಸಿದರೆ 3 ಕೋಟಿ 20 ಲಕ್ಷ ಲೀಟರ್ ಹತ್ತಿರ ಆಯಿತು. ಆ ಕೆರೆಯಲ್ಲಿ ಇದಕ್ಕೆ 3.2 ಮೀಟರ್ ನೀರು ನಿಲ್ಲಬೇಕು. 120 ದಿನ ಹಿಡಿದರೆ 4 ಮೀಟರ್ ದಾಟುತ್ತದೆ. ಇದರ ಮೇಲೆ ತಳದಲ್ಲಿ ಹೂಳಿಗೆ ಅರ್ಧ ಮೀಟರ್ ಬಿಡಬೇಕು, ಏಕೆಂದರೆ ಪಂಪು ತಳದ ಕೆಸರನ್ನು ಎತ್ತಬಾರದು. ಇಂಗುವ ನೀರು ಬೇರೆ. ಎರೆ ಮಣ್ಣು ನೀರು ಹಿಡಿಯುತ್ತದೆ ನಿಜ. ಆದರೆ ಒಣಗಿದರೆ ಬಿರುಕು ಬಿಡುತ್ತದೆ, ಬಿರುಕು ಬಿಟ್ಟ ಒಡ್ಡಿನಿಂದ ಮೊದಲ ನೀರೆಲ್ಲ ಹೊರಗೆ ಹೋಗುತ್ತದೆ. ಅದಕ್ಕೇ ಒಳಮೈಗೆ ದಪ್ಪ ಪ್ಲಾಸ್ಟಿಕ್ ಹಾಳೆ, ಮೇಲೆ ಕಲ್ಲು ಹಾಸುತ್ತಾರೆ.

ದನಕರುಗಳನ್ನು ಈ 55 ಲೀಟರ್ ಲೆಕ್ಕದಲ್ಲಿ ಸೇರಿಸಿಲ್ಲ. ಬೇಸಿಗೆಯಲ್ಲಿ ಒಂದು ಎಮ್ಮೆಗೆ ಒಬ್ಬ ಮನುಷ್ಯನಷ್ಟೇ ನೀರು ಬೇಕು. ಯೋಜನೆ ಬರೆಯುವವರ ಮುಂದೆ ಇದನ್ನು ನೀವೇ ಎತ್ತಬೇಕು.

ಕೆರೆ ದಂಡೆ ತನಕ ತುಂಬಿತ್ತು. ಆದ್ರೂ ಮೇ ತಿಂಗಳಲ್ಲೇ ಖಾಲಿ ಆಗಿದ್ದು ಹೇಗೆ?

ಹೂಳು. ಇದನ್ನು ನಾವು ಅನುಭವಿಸಿ ಕಲಿತೆವು. ಒಂದು ವರ್ಷ ಕೆರೆ ತುಂಬಿದ್ದು ನೋಡಿ ಸಮಿತಿಯವರೆಲ್ಲ ನೆಮ್ಮದಿಯಾಗಿದ್ದೆವು. ಮೇ ಮೊದಲ ವಾರ ಪಂಪು ಕೆಸರು ಎತ್ತತೊಡಗಿತು. ಬಿದಿರಿನ ಗಳ ಇಳಿಸಿ ನೋಡಿದರೆ ಎದೆಮಟ್ಟ ಹೂಳು. ವರ್ಷಗಳಿಂದ ಯಾರೂ ತಳ ಮುಟ್ಟಿ ನೋಡಿರಲಿಲ್ಲ. ಉಳಿದ ದಿನ ಟ್ಯಾಂಕರ್ ನೀರೇ ಗತಿಯಾಯಿತು. ಟ್ಯಾಂಕರ್ ಬಂದಾಗ ಕೊಡ ಹಿಡಿದು ನೂಕಾಡುವ ಹೆಣ್ಣುಮಕ್ಕಳನ್ನು, ಅವರ ಹಿಂದೆ ಶಾಲೆ ಬಿಟ್ಟು ನಿಂತ ಹುಡುಗಿಯರನ್ನು ನೋಡಿ ನನಗೆ ಬಹಳ ನಾಚಿಕೆಯಾಯಿತು.

ದೊಡ್ಡ ಡ್ಯಾಮಿನದೂ ಇದೇ ಕಥೆ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು. ಈಗ ಹಿಡಿಯುವುದು ಸುಮಾರು 105 ಟಿಎಂಸಿ. ಒಂದು ಟಿಎಂಸಿ ಅಂದರೆ 2,831 ಕೋಟಿ ಲೀಟರ್. ಎಷ್ಟು ನೀರಿನ ಜಾಗವನ್ನು ಮಣ್ಣು ನುಂಗಿದೆ ನೀವೇ ಗುಣಿಸಿ ನೋಡಿ.

ಪ್ರತಿ ವರ್ಷ ಕೆರೆ ತುಂಬುವ ಮುಂಚೆ ನಾಲ್ಕಾರು ಕಡೆ ಆಳ ಅಳೆದು ಪಂಚಾಯಿತಿ ಗೋಡೆ ಮೇಲೆ ಬರೆಸಿ. ಖರ್ಚೇನೂ ಇಲ್ಲ.

ಹೂಳು ಯಾವಾಗ ತೆಗೆಸಬೇಕು?

ನೀರು ತಳ ಕಂಡಾಗ, ಜೂನ್ ಮಳೆಗೆ ಮುಂಚೆ. ರೈತರಿಗೆ ಮೊದಲೇ ಹೇಳಿದರೆ ಹೊಲಕ್ಕೆ ಅವರೇ ಟ್ರ್ಯಾಕ್ಟರ್ ತಂದು ಒಯ್ಯುತ್ತಾರೆ. ಒಂದು ಎಚ್ಚರಿಕೆ: ಜೆಸಿಬಿಯವರು ಆತುರದಲ್ಲಿ ತಳದ ಗಟ್ಟಿ ಪದರವನ್ನೂ ಕೆದರಿಬಿಡುತ್ತಾರೆ. ಆಮೇಲೆ ಕೆರೆ ನೀರು ನಿಲ್ಲಿಸುವುದಿಲ್ಲ. ಪಕ್ಕದಲ್ಲಿ ಒಬ್ಬರು ನಿಂತೇ ಇರಬೇಕು.

ಜನ ಮನಸ್ಸು ಮಾಡಿದರೆ ಇದು ಆಗುವ ಕೆಲಸ. ಕೊಪ್ಪಳದಲ್ಲಿ 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತು ಹಿರೇಹಳ್ಳ ಸ್ವಚ್ಛ ಮಾಡಿಸಿದರು. ಕುಷ್ಟಗಿ ತಾಲೂಕಿನ ನಿಡಶೇಸಿ ಕೆರೆಯ ಹೂಳೂ ಜನರಿಂದಲೇ ಎದ್ದಿತು. ನಾನು ಹೋಗಿ ನೋಡಿ ಬಂದಿದ್ದೇನೆ.

ಕೆರೆ ನೀರು ಹಸಿರಾಗಿದೆ. ಕುಡಿಯಬಹುದಾ?

ಹಾಗೇ ಕುಡಿಯಬೇಡಿ. ಅದು ಪಾಚಿ. ಬಿಸಿಲು, ನಿಂತ ನೀರು, ಗದ್ದೆಯಿಂದ ಬಸಿದು ಬಂದ ಗೊಬ್ಬರದ ಸಾರ ಮೂರೂ ಸೇರಿದರೆ ಪಾಚಿಗೆ ಹಬ್ಬ. ಕೆಲವು ಜಾತಿಯ ಪಾಚಿ ವಿಷ ಬಿಡುತ್ತದೆ, ಕುದಿಸಿದರೂ ಅದು ಹೋಗುವುದಿಲ್ಲ. ಮೈಲುತುತ್ತ ಹಾಕಿ ಪಾಚಿ ಕೊಲ್ಲುವ ರೂಢಿ ಇದೆ, ಆದರೆ ಅಂದಾಜಿನಲ್ಲಿ ಸುರಿಯುವ ವಸ್ತು ಅದಲ್ಲ. ಕುಡಿಯುವ ನೀರಿನ ಇಲಾಖೆಯ ಎಂಜಿನಿಯರ್ ಅಳತೆ ಹೇಳಬೇಕು. ಗದ್ದೆಯ ಬಸಿ ನೀರು ಕೆರೆಗೆ ಬರದಂತೆ ಸುತ್ತ ಕಾಲುವೆ ತೋಡುವುದನ್ನು ನಾವೇ ಮಾಡಬಹುದು. ಕೆರೆಗೆ ತಂತಿಬೇಲಿಯೂ ಬೇಕು. ಎಮ್ಮೆ ಮೈತೊಳೆಯುವುದು ನಿಲ್ಲುತ್ತದೆ, ಮಕ್ಕಳು ಬೀಳುವ ಭಯವೂ ತಪ್ಪುತ್ತದೆ.

ಫಿಲ್ಟರ್ ಘಟಕದೊಳಗೆ ನಿಜವಾಗಿ ಏನು ನಡೆಯುತ್ತೆ?

ಬಹಳ ಜನ ದೊಡ್ಡ ಜಾಲರಿಯಲ್ಲಿ ನೀರು ಸೋಸುತ್ತಾರೆ ಅಂದುಕೊಂಡಿದ್ದಾರೆ. ಒಂದು ಸಲ ಒಳಗೆ ಹೋಗಿ ನೋಡಿ, ಮಕ್ಕಳನ್ನೂ ಕರೆದುಕೊಂಡು ಹೋಗಿ.

ಮೊದಲು ನೀರನ್ನು ಮೆಟ್ಟಿಲುಗಳ ಮೇಲೆ ಇಳಿಸಿ ಗಾಳಿ ತಾಗಿಸುತ್ತಾರೆ. ಕೆಟ್ಟ ವಾಸನೆ ಸ್ವಲ್ಪ ಹೋಗುತ್ತದೆ. ಆಮೇಲೆ ಆಲಂ ಬೆರೆಸುತ್ತಾರೆ. ನಮ್ಮ ಅಜ್ಜಿಯರು ಮಳೆಗಾಲದ ಕೆಂಪು ನೀರಿನ ಕೊಡದಲ್ಲಿ ಪಟಿಕ ತಿರುಗಿಸುತ್ತಿದ್ದರಲ್ಲ, ಅದೇ ಇದು. ನೀರಲ್ಲಿ ತೇಲುವ ಮಣ್ಣಿನ ಕಣಗಳು ಎಷ್ಟು ಸಣ್ಣವೆಂದರೆ ತಾವಾಗಿ ತಳಕ್ಕೆ ಕೂರುವುದಿಲ್ಲ, ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಆಲಂ ಅವುಗಳನ್ನು ಅಂಟಿಸುತ್ತದೆ. ನಿಧಾನ ಕಲಕಿದರೆ ಹತ್ತಿಯ ಎಸಳಿನಂಥ ಉಂಡೆಗಳಾಗುತ್ತವೆ. ಜೋರಾಗಿ ಕಲಕಿದರೆ ಒಡೆದುಹೋಗುತ್ತವೆ. ಮುಂದಿನ ತೊಟ್ಟಿಯಲ್ಲಿ ಎರಡು ಮೂರು ಗಂಟೆ ನಿಂತಾಗ ಅವು ತಳ ಸೇರುತ್ತವೆ. ಆಮೇಲೆ ನೀರು ಉಸುಕಿನ ಹಾಸಿನ ಮೂಲಕ ಇಳಿಯುತ್ತದೆ. ಉಳಿದ ಕಣ ಅಲ್ಲಿ ಸಿಕ್ಕಿಬೀಳುತ್ತವೆ. ಕೊನೆಗೆ ಕ್ಲೋರಿನ್.

ಎಡವಟ್ಟಾಗುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಆಲಂ ಅಳತೆ. ಜುಲೈ ತಿಂಗಳ ಕೆಂಪು ನೀರಿಗೆ ಬೇಕಾದಷ್ಟು ಜನವರಿಯ ತಿಳಿ ನೀರಿಗೆ ಬೇಡ. ಆರು ಗ್ಲಾಸುಗಳಲ್ಲಿ ಬೇರೆ ಬೇರೆ ಅಳತೆ ಹಾಕಿ ನೋಡುವ ಜಾರ್ ಟೆಸ್ಟ್ ಅಂತ ಇದೆ. ನೀರು ಬದಲಾದಾಗಲೆಲ್ಲ ಮಾಡಬೇಕು. ವರ್ಷವಿಡೀ ಒಂದೇ ಅಳತೆ ಹಾಕುವ ಘಟಕ ಕಂಡರೆ ಪ್ರಶ್ನೆ ಕೇಳಿ. ಎರಡು, ಉಸುಕಿನ ಹಾಸನ್ನು ಕೆಳಗಿನಿಂದ ನೀರು ಹಾಯಿಸಿ ತೊಳೆಯುವುದು. ಒಂದೆರಡು ದಿನಕ್ಕೊಮ್ಮೆ ಆಗಬೇಕಾದ ಕೆಲಸ ಇದು. ಕರೆಂಟ್ ಇಲ್ಲ, ನೀರು ವೇಸ್ಟ್ ಆಗುತ್ತೆ ಅಂತ ಮುಂದೂಡಿದರೆ ಉಸುಕಿನಲ್ಲಿ ಕೆಸರು ಗಡ್ಡೆ ಕಟ್ಟುತ್ತದೆ. ಆಗ ನೀರು ಪಕ್ಕದ ಸಂದಿನಲ್ಲಿ ಸೋಸದೆಯೇ ಇಳಿದುಬಿಡುತ್ತದೆ.

ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು? ನೀರುಗಂಟಿ ಒಂದು ಬೊಗಸೆ ಅಂತಾನೆ.

ಬೊಗಸೆ ಲೆಕ್ಕ ಬೇಡ. 50,000 ಲೀಟರ್ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಕೊಡಬೇಕಾದರೆ 100 ಗ್ರಾಂ ಕ್ಲೋರಿನ್ ಬೇಕು. ಪೌಡರ್‌ನಲ್ಲಿ ಕಾಲು ಭಾಗ ಕ್ಲೋರಿನ್ ಇದ್ದರೆ 400 ಗ್ರಾಂ ಪೌಡರ್ ಆಯಿತು. ಅದನ್ನು ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಬೇಕು. ಆಮೇಲೆ ಅರ್ಧ ಗಂಟೆ ಕಾಯಬೇಕು. ಹಾಕಿದ ಕೂಡಲೇ ಊರಿಗೆ ನೀರು ಬಿಡುವ ವಾಲ್ ತಿರುಗಿಸಿದರೆ ಕ್ರಿಮಿ ಸಾಯುವಷ್ಟು ಹೊತ್ತು ಸಿಗುವುದಿಲ್ಲ.

ನಮ್ಮ ಬಿಸಿಲಲ್ಲಿ ಪೌಡರ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ಹೊಸದರಲ್ಲಿ ಮೂರನೇ ಒಂದು ಭಾಗ ಕ್ಲೋರಿನ್ ಇರುವ ಚೀಲ, ಪಂಪ್‌ಹೌಸಿನ ತಗಡಿನ ಕೆಳಗೆ ಬಾಯಿ ತೆರೆದುಕೊಂಡು ಬಿದ್ದಿದ್ದರೆ ಕೆಲವು ತಿಂಗಳಲ್ಲಿ ಬರೀ ಸುಣ್ಣವಾಗುತ್ತದೆ. ವಾಸನೆ ಇಲ್ಲದ ಪೌಡರ್ ಹಾಕಿ ಏನೂ ಪ್ರಯೋಜನವಿಲ್ಲ. ಬಾಯಿ ಕಟ್ಟಿ ತಂಪು, ಒಣ ಜಾಗದಲ್ಲಿಡಿ.

ಸರಿಯಾಗಿ ಹಾಕಿದ್ದಾರಾ ಅಂತ ತಿಳಿಯಲು ಕೊನೆ ಮನೆಯ ನಳದಲ್ಲಿ ನೋಡಬೇಕು. ಅಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಸಣ್ಣ ಕಿಟ್ ಇರುತ್ತದೆ, ಔಷಧಿ ಹನಿ ಹಾಕಿದರೆ ನೀರು ಹಳದಿಯೋ ಗುಲಾಬಿಯೋ ಆಗುತ್ತದೆ. ಬಣ್ಣವೇ ಬರದಿದ್ದರೆ ಕ್ಲೋರಿನ್ ಇಲ್ಲ ಅಂತ ಅರ್ಥ.

ಕ್ಲೋರಿನ್ ವಾಸನೆಗೆ ಮಕ್ಕಳು ನೀರೇ ಕುಡಿಯಲ್ಲ. ಏನು ಮಾಡೋದು?

ಕೊಡದಲ್ಲಿ ತುಂಬಿ ತೆಳು ಬಟ್ಟೆ ಮುಚ್ಚಿ ಕೆಲವು ಗಂಟೆ ಇಡಿ, ವಾಸನೆ ಇಳಿಯುತ್ತದೆ. ಸಣ್ಣ ವಾಸನೆ ಇದ್ದರೆ ಒಳ್ಳೆಯದೇ ಅಂತ ತಿಳಿಯಿರಿ.

ಫಿಲ್ಟರ್ ಹತ್ತಿರ ತಿಳಿಯಾಗಿದ್ದ ನೀರು ನಮ್ಮ ಓಣಿಯಲ್ಲಿ ವಾಸನೆ ಬರೋದು ಯಾಕೆ?

ಇದೇ ನನಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. 2022ರಲ್ಲಿ ಮೇ ಕೊನೆ, ಜೂನ್ ಮೊದಲ ವಾರದ ಹೊತ್ತಿಗೆ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಎಷ್ಟೋ ಜನ ಆಸ್ಪತ್ರೆ ಸೇರಿದರು, ಕೆಲವರು ತೀರಿಕೊಂಡರು. ಮರುವರ್ಷ ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲೂ ವಾಂತಿಭೇದಿಯಿಂದ ಸಾವುಗಳಾದವು. ನಮ್ಮ ಜಿಲ್ಲೆಗಳ ಜನ ಕುಡಿಯುವ ನೀರಿನಿಂದ ಸಾಯಬಾರದು. ಈ ಮಾತು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ನಮ್ಮಲ್ಲಿ ನೀರು ದಿನಕ್ಕೊಂದು ಗಂಟೆ, ಕೆಲವು ಕಡೆ ವಾರಕ್ಕೆ ಒಂದೆರಡು ಸಲ ಬರುತ್ತದೆ. ನೀರು ಓಡುವಾಗ ಪೈಪಿನೊಳಗೆ ಒತ್ತಡ ಇರುತ್ತದೆ. ಬಿರುಕಿದ್ದರೆ ನೀರು ಹೊರಗೆ ಚಿಮ್ಮುತ್ತದೆ, ಹೊರಗಿನದು ಒಳಗೆ ಬರುವುದಿಲ್ಲ. ವಾಲ್ ಬಂದ್ ಮಾಡಿದ ಮೇಲೆ ಪೈಪ್ ಖಾಲಿಯಾಗುತ್ತದೆ. ತಗ್ಗಿನ ಮನೆಯವರು ಉಳಿದ ನೀರು ಎಳೆದುಕೊಂಡಂತೆ ಒಳಗೆ ಹೀರುವ ಬಲ ಹುಟ್ಟುತ್ತದೆ. ಆಗ ಅದೇ ಬಿರುಕಿನಿಂದ ಸುತ್ತಲಿನ ಕೊಳಚೆ ಒಳಗೆ ಸೇರುತ್ತದೆ. ನಮ್ಮ ಓಣಿಗಳಲ್ಲಿ ನಳದ ಪೈಪ್ ಎಲ್ಲಿ ಹೋಗುತ್ತದೆ? ಚರಂಡಿಯೊಳಗಿಂದ! ಚರಂಡಿ ದಾಟಿಸುವಾಗ ಪೈಪನ್ನು ನೀರಿನಲ್ಲೇ ಮುಳುಗಿಸಿಬಿಡುತ್ತಾರೆ. ಮರುದಿನ ವಾಲ್ ಬಿಟ್ಟಾಗ ಮೊದಲು ಬರುವುದು ಆ ಕೊಳಚೆ.

ಕೋಟಿಗಟ್ಟಲೆ ಖರ್ಚು ಮಾಡಿ ನೂರಾರು ಕಿಲೋಮೀಟರ್ ದೂರದಿಂದ ನೀರು ತಂದು, ಸೋಸಿ, ಕೊನೆಯ ಇಪ್ಪತ್ತು ಅಡಿಯಲ್ಲಿ ಕೆಡಿಸುತ್ತೇವೆ. ಹೊಸ ಯೋಜನೆಗೆ ಅರ್ಜಿ ಬರೆಯುವ ಮುಂಚೆ ಓಣಿ ಓಣಿ ನಡೆದು ಚರಂಡಿಯೊಳಗಿನ ಪೈಪುಗಳನ್ನು ಎಣಿಸಿ. ನಮ್ಮೂರಲ್ಲಿ ಎಣಿಸಿದಾಗ ಯಾರೂ ನಂಬಲಿಲ್ಲ, ಅಷ್ಟಿದ್ದವು. ಅವನ್ನು ಮೇಲೆತ್ತಿ ಕಬ್ಬಿಣದ ಕೊಳವೆಯೊಳಗೆ ಹಾಯಿಸಿದೆವು. ಪಂಚಾಯಿತಿ ಹಣದಲ್ಲೇ ಆಗುವ ಕೆಲಸ ಅದು.

ಅಲ್ಲಿಯವರೆಗೆ ಮೊದಲ ಐದು ನಿಮಿಷದ ನೀರನ್ನು ಬಳಕೆಗೆ ಹಿಡಿಯಿರಿ, ಕುಡಿಯಲು ಬೇಡ.

ನಳಕ್ಕೆ ಮೋಟಾರ್ ಹಾಕಿದ್ರೆ ತಪ್ಪೇನು? ಎಲ್ಲರೂ ಹಾಕ್ತಾರೆ.

ಮೇಲೆ ಹೇಳಿದ ಹೀರುವ ಬಲವನ್ನು ಮೋಟಾರ್ ಹತ್ತು ಪಟ್ಟು ಮಾಡುತ್ತದೆ ಅಂದುಕೊಳ್ಳಿ. ನೀವು ನೀರಿನ ಜೊತೆ ಚರಂಡಿಯನ್ನೂ ಎಳೆಯುತ್ತೀರಿ, ಮುಂದಿನ ಮನೆಗೆ ನೀರೇ ಇಲ್ಲದಂತೆ ಮಾಡುತ್ತೀರಿ. ಎತ್ತರದ ಮನೆಗಳಿಗೆ ನೀರು ಏರದಿದ್ದರೆ ಅಲ್ಲಿಗೆ ಬೇರೆ ವಾಲ್, ಬೇರೆ ಹೊತ್ತು ಮಾಡಿಸಿ. ಮೋಟಾರ್ ಕಿತ್ತುಕೊಂಡು ಜಗಳ ಮಾಡುವ ಮುಂಚೆ ಇದನ್ನು ಮಾಡಬೇಕು, ಯಾಕಂದರೆ ಅವರಿಗೂ ನೀರು ಬೇಕಲ್ವಾ.

ಮೇಲಿನ ಟ್ಯಾಂಕ್ ಎಷ್ಟು ದಿನಕ್ಕೆ ತೊಳೆಯಬೇಕು?

ತಿಂಗಳಿಗೊಮ್ಮೆ ಆದರೆ ಚೆಂದ, ಮೂರು ತಿಂಗಳು ದಾಟಲೇಬಾರದು. ತೊಳೆದ ದಿನಾಂಕ ಟ್ಯಾಂಕಿನ ಕಂಬದ ಮೇಲೆ ಬಣ್ಣದಲ್ಲಿ ಬರೆಸಿ. ಮುಚ್ಚಳ, ಹಕ್ಕಿ ಹೋಗದಂತೆ ಜಾಲರಿ, ಏಣಿಗೆ ಬೀಗ ಇರಲಿ. ಮುಚ್ಚಿದ ಟ್ಯಾಂಕಿನೊಳಗೆ ಒಬ್ಬನನ್ನೇ ಇಳಿಸಬೇಡಿ. ಬ್ಲೀಚಿಂಗ್ ವಾಸನೆಗೆ ಉಸಿರು ಕಟ್ಟುತ್ತದೆ. ಮುಚ್ಚಳ ತೆಗೆದು ಗಾಳಿ ಆಡಿಸಿ, ಮೇಲೆ ಇಬ್ಬರು ಹಗ್ಗ ಹಿಡಿದು ನಿಲ್ಲಲಿ.

ನಮ್ಮ ಬೋರ್ ನೀರು ರುಚಿ ಇದೆ, ತಿಳಿ ಇದೆ. ಕುಡಿದರೆ ಏನಾಗುತ್ತೆ?

ಕಣ್ಣು, ನಾಲಿಗೆ ಎರಡೂ ಇಲ್ಲಿ ಸಾಕ್ಷಿಗೆ ಬರುವುದಿಲ್ಲ. ಫ್ಲೋರೈಡ್‌ಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ರಾಯಚೂರು, ಕೊಪ್ಪಳ ಜಿಲ್ಲೆಗಳ ಗ್ರಾನೈಟ್ ಬಂಡೆಯೊಳಗಿಂದ ಅದು ನೀರಿಗೆ ಇಳಿಯುತ್ತದೆ. ಬೋರ್ ಆಳ ಹೋದಂತೆ ಜಾಸ್ತಿ ಆಗುವುದೂ ಉಂಟು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ತನಕ ಸಹಿಸಬಹುದು. ಅದಕ್ಕೂ ಜಾಸ್ತಿ ಇರುವ ನೀರನ್ನು ಹಲ್ಲು ಮೂಡುವ ವಯಸ್ಸಿನ ಮಕ್ಕಳು ಕುಡಿದರೆ ಹಲ್ಲಿನ ಮೇಲೆ ಕಂದು ಪಟ್ಟೆ ಬೀಳುತ್ತದೆ, ಮತ್ತೆ ಹೋಗುವುದಿಲ್ಲ. ಬಹಳ ವರ್ಷ ಕುಡಿದವರ ಬೆನ್ನು, ಮೊಣಕಾಲು ಬಿಗಿಯುತ್ತವೆ.

ಹಟ್ಟಿ ಚಿನ್ನದ ಗಣಿ ಸುತ್ತಲಿನ ಪಟ್ಟಿಯಲ್ಲಿ ಕೆಲವು ಹಳ್ಳಿಗಳ ಬೋರ್‌ಗಳಲ್ಲಿ ಆರ್ಸೆನಿಕ್ ಸಿಕ್ಕಿದೆ. ಅದರ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಭತ್ತದ ಗದ್ದೆ ಪಕ್ಕದ ಬೋರ್‌ಗಳಲ್ಲಿ ಯೂರಿಯಾದಿಂದ ನೈಟ್ರೇಟ್ ಇಳಿದಿರಬಹುದು. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಿದ ನೀರಿನಲ್ಲಿ ಹಸುಗೂಸಿಗೆ ಹಾಲಿನಪುಡಿ ಕಲಸಿ ಕೊಡಲೇಬೇಡಿ.

ಕುದಿಸಿದರೆ ಫ್ಲೋರೈಡ್ ಹೋಗುತ್ತಾ?

ಇಲ್ಲ. ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತದೆ. ಕುದಿಸುವುದು ಕ್ರಿಮಿಗೆ ಮಾತ್ರ, ಅದಕ್ಕೆ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ಫ್ಲೋರೈಡ್ ಇರುವ ಊರಿಗೆ ಕಾಲುವೆ ಅಥವಾ ನದಿ ನೀರು ತರುವುದೇ ಒಳ್ಳೆಯ ದಾರಿ. ಒಂದೇ ಕಡೆಯಿಂದ ಹಲವು ಊರಿಗೆ ನೀರು ಕೊಡುವ ಬಹುಗ್ರಾಮ ಯೋಜನೆಗಳು ಬಂದಿದ್ದೇ ಇದಕ್ಕೆ.

ಐದು ರೂಪಾಯಿ ಕಾಯಿನ್ ಹಾಕಿದರೆ ಶುದ್ಧ ನೀರು ಸಿಗುತ್ತೆ. ಮತ್ತೆ ನಳದ ಚಿಂತೆ ಯಾಕೆ?

ಶುದ್ಧ ನೀರಿನ ಘಟಕ ಫ್ಲೋರೈಡ್ ಊರಿಗೆ ಬಹಳ ದೊಡ್ಡ ಆಸರೆ. ನಾನೂ ಅಲ್ಲಿಂದಲೇ ಕ್ಯಾನ್ ತುಂಬಿದ್ದೇನೆ. ಆದರೆ ಎಲ್ಲರ ಮನೆಯಲ್ಲೂ ಕ್ಯಾನ್ ಹೊರುವವರು ಇರುವುದಿಲ್ಲ. ಮುದುಕರು, ಒಂಟಿ ಹೆಂಗಸರು, ದಿನಗೂಲಿಯವರು ನಳದ ನೀರನ್ನೇ ಕುಡಿಯುತ್ತಾರೆ. ಪಾತ್ರೆ, ತರಕಾರಿ ತೊಳೆಯುವುದೂ ಅದರಲ್ಲೇ.

ಘಟಕಕ್ಕೂ ಆರೈಕೆ ಬೇಕು. ಉಪ್ಪು, ಫ್ಲೋರೈಡ್ ತಡೆಯುವ ಒಳಗಿನ ಪೊರೆ ಕಾಲಕಾಲಕ್ಕೆ ಬದಲಾಗದಿದ್ದರೆ ಬೋರ್ಡ್ ಮೇಲೆ ಮಾತ್ರ ಶುದ್ಧ. ಹಾಕಿದ ನೀರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗೆ ಹೋಗುವುದೂ ಉಂಟು. ಆ ಉಪ್ಪು ನೀರನ್ನು ಬೋರಿಗೆ ವಾಪಸ್ ಬಿಡಬೇಡಿ, ನೆಲ ತೊಳೆಯಲು ಬಳಸಿ. ಕೆರೆಯ ಸಿಹಿ ನೀರಿಗೆ ಇಂಥ ಘಟಕದ ಅಗತ್ಯವೇ ಇಲ್ಲ, ಉಸುಕಿನ ಫಿಲ್ಟರ್ ಮತ್ತು ಕ್ಲೋರಿನ್ ಸಾಕು.

ನೀರು ಪರೀಕ್ಷೆ ಎಲ್ಲಿ ಮಾಡಿಸೋದು?

ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯ ಜಿಲ್ಲಾ ಕೇಂದ್ರದಲ್ಲಿದೆ. ಪಂಚಾಯಿತಿಯಲ್ಲಿ ಕಿಟ್ ಇರಬೇಕು, ಊರಿಗೆ ಐದು ಮಂದಿ ಹೆಣ್ಣುಮಕ್ಕಳಿಗೆ ತರಬೇತಿ ಕೊಡಬೇಕು ಅಂತಲೂ ಇದೆ. ಕ್ರಿಮಿ ಪರೀಕ್ಷೆಯ ಸಣ್ಣ ಬಾಟಲಿ ತುಂಬಿ ಒಂದೆರಡು ದಿನ ಇಟ್ಟಾಗ ನೀರು ಕಪ್ಪಾದರೆ ಮಲದ ಅಂಶ ಸೇರಿರಬಹುದು ಅಂತ ತಿಳಿಯಬೇಕು. ಒಮ್ಮೆ ಶಾಲೆಯಲ್ಲಿ ಮಕ್ಕಳ ಮುಂದೆ ಹೀಗೆ ಬಾಟಲಿ ಇಟ್ಟಿದ್ದೆವು. ಮರುದಿನ ಕಪ್ಪು ಬಾಟಲಿ ನೋಡಿದ ಮಕ್ಕಳು ಮನೆಗೆ ಹೋಗಿ ಅಪ್ಪ ಅಮ್ಮಂದಿರನ್ನು ಪಂಚಾಯಿತಿಗೆ ಕಳಿಸಿದರು.

ಮಾದರಿಯನ್ನು ಟ್ಯಾಂಕಿನ ಬುಡದಲ್ಲಿ ಮಾತ್ರ ತೆಗೆಯಬೇಡಿ. ಕೊನೆ ಓಣಿಯ ಕೊನೆ ನಳದಿಂದಲೂ ತೆಗೆಯಿರಿ.

ಓಣಿಯಲ್ಲಿ ಇಬ್ಬರು ಮೂವರಿಗೆ ವಾಂತಿಭೇದಿ ಆಗಿದೆ. ಮೊದಲು ಏನು ಮಾಡಬೇಕು?

ಆ ಓಣಿಯ ವಾಲ್ ಬಂದ್ ಮಾಡಿಸಿ. ಆಶಾ ಕಾರ್ಯಕರ್ತೆಗೆ, ಪಿಡಿಒಗೆ ತಿಳಿಸಿ. ಟ್ಯಾಂಕರ್ ನೀರಿಗೂ ಕ್ಲೋರಿನ್ ಹಾಕಿಸಿ, ಕುದಿಸಿ ಕುಡಿಯಲು ಮನೆಮನೆಗೆ ಹೇಳಿ. ಓಆರ್‌ಎಸ್ ತಕ್ಷಣ ಶುರು ಮಾಡಿ, ಮಕ್ಕಳು ಮುದುಕರನ್ನು ಆಸ್ಪತ್ರೆಗೆ ಕರೆದೊಯ್ಯಲು ಬೆಳಗಾಗಲಿ ಅಂತ ಕಾಯಬೇಡಿ.

ಪ್ರತಿ ಮನೆಗೆ ನಳ ಕೂರಿಸಿದರು. ನೀರು ಮಾತ್ರ ಬರಲ್ಲ. ಯಾಕೆ?

ಜಲ ಜೀವನ್ ಮಿಷನ್ 2019ರ ಆಗಸ್ಟ್ 15ರಂದು ಘೋಷಣೆಯಾಯಿತು. ನಮ್ಮ ರಾಜ್ಯದಲ್ಲಿ ಅದಕ್ಕೆ ಮನೆ ಮನೆಗೆ ಗಂಗೆ ಅನ್ನುತ್ತಾರೆ. ನಳ ಕೂರಿಸುವುದು ಸುಲಭ, ಹಿಂದೆ ನೀರು ಇರಬೇಕಲ್ಲ. ಕೆರೆ ಸಣ್ಣದಿದ್ದು ನಳ ಮೂರು ಪಟ್ಟು ಆದರೆ ಒತ್ತಡ ಬೀಳುತ್ತದೆ. ಟ್ಯಾಂಕಿನ ಎತ್ತರವೂ ನೋಡಬೇಕು. ಹತ್ತು ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಒಂದು ಕೆಜಿ ಒತ್ತಡ ಕೊಡುತ್ತದೆ, ಊರ ದಿಬ್ಬದ ಮನೆ ಟ್ಯಾಂಕಿನಷ್ಟೇ ಎತ್ತರದಲ್ಲಿದ್ದರೆ ಅಲ್ಲಿಗೆ ನೀರು ಏರುವುದಿಲ್ಲ. ಕಾಮಗಾರಿ ಮುಗಿಯಿತು ಅಂತ ಸಮಿತಿ ಸಹಿ ಹಾಕುವ ಮುಂಚೆ ಏಪ್ರಿಲ್ ತಿಂಗಳಲ್ಲಿ ಕೊನೆ ಮನೆಯ ನಳ ಬಿಟ್ಟು ಬಕೆಟ್ ಎಷ್ಟು ನಿಮಿಷಕ್ಕೆ ತುಂಬುತ್ತದೆ ನೋಡಿ. ಸುಮ್ನೆ ಸಹಿ ಹಾಕಬೇಡಿ.

ಊರು ಬೆಳೀತಿದೆ, ಹೊಸ ಬಡಾವಣೆಗಳು ಆಗ್ತಿವೆ. ಇರೋ ನೀರು ಸಾಕಾಗುತ್ತಾ?

ನೀರಿನ ಯೋಜನೆಗಳನ್ನು ಸಾಮಾನ್ಯವಾಗಿ 30 ವರ್ಷ ಮುಂದೆ ನೋಡಿ ಮಾಡುತ್ತಾರೆ. ಇಂದು 5,000 ಜನ ಇರುವ ಊರು ವರ್ಷಕ್ಕೆ ನೂರಕ್ಕೆ ಎರಡರಂತೆ ಬೆಳೆದರೆ 30 ವರ್ಷಕ್ಕೆ 9,000 ದಾಟುತ್ತದೆ. ನಾವು ಮೇಲೆ ಹಾಕಿದ ಕೆರೆಯ ಲೆಕ್ಕ ಆಗ ಅರ್ಧಕ್ಕೇ ನಿಲ್ಲುತ್ತದೆ. ಜೊತೆಗೆ ಬಳಕೆಯೂ ಬದಲಾಗುತ್ತದೆ. ಪಾಯಿಖಾನೆ, ವಾಷಿಂಗ್ ಮಷೀನ್ ಬಂದ ಮನೆಗೆ 55 ಲೀಟರ್ ಸಾಲುವುದಿಲ್ಲ. ಒಳಚರಂಡಿ ಇರುವ ಪಟ್ಟಣಕ್ಕೆ ತಲೆಗೆ 135 ಲೀಟರ್ ಹಿಡಿಯುವುದು ಇದಕ್ಕೇ.

ಪಂಪು 15 ವರ್ಷಕ್ಕೆ ಬದಲಾಯಿಸಬಹುದು, ಟ್ಯಾಂಕ್ ಇನ್ನೊಂದು ಕಟ್ಟಬಹುದು. ಕೆರೆಗೆ ಜಾಗ ಮಾತ್ರ ಆಮೇಲೆ ಸಿಗುವುದಿಲ್ಲ. ಸಿಂಧನೂರು, ಗಂಗಾವತಿ ರಸ್ತೆ ಬದಿಯಲ್ಲಿ ಎಕರೆ ಬೆಲೆ ಎಲ್ಲಿಗೆ ಹೋಗಿದೆ ನೋಡುತ್ತಿದ್ದೀರಲ್ಲ. ಊರ ಕೆರೆ ಪಕ್ಕದ ಸರ್ಕಾರಿ ಜಾಗ ಇದ್ದರೆ ಅದನ್ನು ಇವತ್ತೇ ಕುಡಿಯುವ ನೀರಿಗೆ ಅಂತ ಬರೆಸಿಡಿ. ಗ್ರಾಮಸಭೆಯಲ್ಲಿ ನಾನು ಪ್ರತಿ ಸಲ ಎತ್ತುವ ಮಾತು ಇದು. ಬಡಾವಣೆಗೆ ಒಪ್ಪಿಗೆ ಕೇಳಿ ಬಂದವರಿಗೂ ಮೊದಲ ಪ್ರಶ್ನೆ ಇದೇ ಇರಲಿ: ಈ ಸೈಟುಗಳಿಗೆ ಬೇಸಿಗೆಯ ನೀರು ಎಲ್ಲಿಂದ? ಬೋರ್ ಇದೆ ಅಂದರೆ ಅದರ ಫ್ಲೋರೈಡ್ ವರದಿ ಕೇಳಿ.

24 ಗಂಟೆ ನೀರು ನಮ್ಮ ಕಡೆ ಕನಸು ಅಲ್ವಾ?

ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರಿಂದಲೇ ಕೊಟ್ಟು ತೋರಿಸಿದ್ದಾರೆ. ಪೈಪ್ ಸದಾ ತುಂಬಿರುವುದರಿಂದ ಕೊಳಚೆ ಒಳಗೆ ಸೇರುವುದಿಲ್ಲ, ಅದೇ ದೊಡ್ಡ ಲಾಭ. ಹೊಸ ಪೈಪು, ಮೀಟರ್, ಸೋರಿಕೆ ಹುಡುಕುವ ಶಿಸ್ತು ಬೇಕು. ಹಳ್ಳಿಗೆ ಮೊದಲು ದಿನಾ ಒಂದೇ ಹೊತ್ತಿಗೆ, ಹೇಳಿದ ಸಮಯಕ್ಕೆ ನೀರು ಬರಲಿ. ಅಷ್ಟಾದರೂ ಹೆಣ್ಣುಮಕ್ಕಳು ನಳ ಕಾಯುತ್ತ ಕೂಲಿ ಕಳೆದುಕೊಳ್ಳುವುದು ತಪ್ಪುತ್ತದೆ.

ನೀರಿನ ಕರ ಯಾಕೆ ಕಟ್ಟಬೇಕು? ನೀರು ದೇವರು ಕೊಟ್ಟಿದ್ದು.

ಪಂಪಿಗೆ ಕರೆಂಟು, ಆಲಂ, ಬ್ಲೀಚಿಂಗ್, ವಾಲ್ ರಿಪೇರಿ ಇದ್ದೇ ಇವೆ. ಎಲ್ಲಕ್ಕಿಂತ ಮುಖ್ಯ ನೀರುಗಂಟಿಯ ಸಂಬಳ. ಬೆಳಗಿನ ನಾಲ್ಕಕ್ಕೆ ಎದ್ದು ವಾಲ್ ತಿರುಗಿಸುವ ಮನುಷ್ಯನಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ ಇಟ್ಟು, ಕ್ಲೋರಿನ್ ಸರಿಯಾಗಿ ಹಾಕು ಅಂತ ಹೇಳಲು ಬಾಯಿ ಬರುತ್ತದೆಯೇ?

ಜುಲೈನಲ್ಲಿ ಕಾಲುವೆಗೆ ನೀರು ಬಂದ ದಿನವೇ ಕೆರೆ ತುಂಬಿಸಬಹುದಾ?

ಬೇಡ. ಮೂರು ತಿಂಗಳು ಒಣಗಿದ ಕಾಲುವೆಯಲ್ಲಿ ಕಸ, ಪ್ಲಾಸ್ಟಿಕ್, ಸತ್ತ ಪ್ರಾಣಿ, ಬಟ್ಟೆ ಎಲ್ಲ ಬಿದ್ದಿರುತ್ತವೆ. ಮೊದಲ ನೀರು ಅದನ್ನೆಲ್ಲ ತಳ್ಳಿಕೊಂಡು ಬರುತ್ತದೆ. ಎಷ್ಟೇ ಅವಸರ ಇದ್ದರೂ ಮೂರು ನಾಲ್ಕು ದಿನ ಹರಿದು ಹೋಗಲು ಬಿಡಿ. ಅಷ್ಟರೊಳಗೆ ತೂಬಿನ ಬಾಯಿಗೆ ಜಾಲರಿ ಕಟ್ಟಿ, ಒಡ್ಡಿನ ಬಿರುಕಿಗೆ ಮಣ್ಣು ತುಂಬಿ ತುಳಿಸಿ. ನಾಲ್ಕನೇ ದಿನ ಒಂದು ಗಾಜಿನ ಲೋಟದಲ್ಲಿ ನೀರು ಹಿಡಿದು ಬಿಸಿಲಿಗೆ ನೋಡಿ. ಕೆಂಪಾಗಿದ್ದರೂ ಪರವಾಗಿಲ್ಲ, ವಾಸನೆ ಮತ್ತು ಎಣ್ಣೆಯ ಪದರ ಇಲ್ಲದಿದ್ದರೆ ತೂಬು ಎತ್ತಿ.